ಓಕುಳಿಯ ಪಂಚೆ

"ನಮ್ಮಪ್ಪನ ಮುಖ ನೋಡ್ರಿ. ಮೂರ್ ದಿನ ಕೆರೇಲಿ ನೆನೆಹಾಕಿ ತೆಗ್ದಂಗೆ ಮಾಡ್ಬುಟ್ಟಿದ್ದೀರಲ್ಲ!"

ಮದುವೆಯ ಆಲ್ಬಮ್ ಕೌಂಟರಿನ ಮೇಲೆ ಧೊಪ್ಪನೆ ಬಿತ್ತು. ಕಂಪ್ಯೂಟರಿನ ಹಿಂದೆ ಕೂತಿದ್ದ ನಟರಾಜು ಬೆಚ್ಚಿ ತಲೆಯೆತ್ತಿದ. ಎದುರಿಗೆ ನಿಂತ ಹುಡುಗಿಯ ಮೂಗಿನ ತುದಿಯಲ್ಲಿ ಬೆವರಿತ್ತು, ಹೆಗಲಲ್ಲಿ ಬ್ಯಾಗಿತ್ತು, ಕಣ್ಣಲ್ಲಿ ಜಗಳವಿತ್ತು. ಹನಗೋಡಿನಿಂದ ಹುಣಸೂರಿನವರೆಗೆ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ದಾರಿಯುದ್ದಕ್ಕೂ ಇದೊಂದೇ ಮಾತನ್ನು ಬಾಯಿಪಾಠ ಮಾಡಿಕೊಂಡವಳ ಹಾಗೆ ಕಾಣುತ್ತಿದ್ದಳು.

"ಯಾರ ಮದ್ವೇದು ಇದು?"

"ನಮ್ಮಕ್ಕ ಶಾಂತಲಂದು. ಹೋದ್ ತಿಂಗ್ಳು ಹನಗೋಡಲ್ಲಿ ಆಯ್ತಲ್ಲ. ನಾನು ಅವ್ಳ ತಂಗಿ, ಪ್ರಮೀಳಾ. ಓಕ್ಳಿ ಪುಟ ತೆಗೀರಿ, ಗೊತ್ತಾಯ್ತದೆ."

ನಟರಾಜು ಓಕುಳಿಯ ಪುಟ ತೆಗೆದ. ಧಾರೆಯ ಮಾರನೆಯ ದಿನ, ಹೆಣ್ಣುಗಂಡು ಎದುರುಬದುರು ಕೂತು ಕೆಂಪು ನೀರು ಎರಚಾಡುವ ಗದ್ದಲ. ಅರ್ಧ ಊರೇ ಒದ್ದೆಯಾಗಿ ಹಲ್ಲು ಕಿರಿದುಕೊಂಡು ನಿಂತಿತ್ತು. ಅವನು ಒಂದು ಸಲ ನೋಡಿದ, ಎರಡು ಸಲ ನೋಡಿದ. ಅವನ ಕಣ್ಣಿಗೆ ಎಲ್ಲ ಸರಿಯಾಗಿಯೇ ಇತ್ತು. ಎದೆ ಝಲ್ಲೆಂದದ್ದು ಅದಕ್ಕೇ.

"ಅರಿಶಿಣ ಸುಣ್ಣ ಕಲ್ಸಿದ ನೀರು ಕೆಂಪಗಿರ್ಬೇಕೋ ಬ್ಯಾಡ್ವೋ? ಇದ್ರಲ್ಲಿ ಕಲಗಚ್ಚು ಎರಚಾಡ್ದಂಗೆ ಅದೆ. ಎಲ್ರ ಮುಖಾನೂ ಹಸ್ರುಹಸ್ರಾಗಿ ಪಾಚಿ ಕಟ್ಟದೆ. ಊರೋರೆಲ್ಲ ನಕ್ಕಿದ್ದೇ ನಕ್ಕಿದ್ದು. ನಮ್ಮಪ್ಪ ಒಬ್ರೇ 'ಚೆನ್ನಾಗೇ ಅದೆಯಲ್ಲ' ಅಂದಿದ್ದು. ಅವ್ರ ಮಾತು ಬುಡಿ."

"ಅದು... ಮೈಸೂರಿನ ಲ್ಯಾಬ್‌ನೋರ ಪ್ರಿಂಟಿಂಗ್ ತಪ್ಪು ಕಣ್ರೀ," ಅಂದ ನಟರಾಜು. ಹಸಿ ಸುಳ್ಳು.

"ತಪ್ಪು ಯಾರ್ದಾದ್ರೂ ಆಗ್ಲಿ, ಸರಿ ಮಾಡೋರು ನೀವೇ ತಾನೆ? ಮಾಡಿ. ನಾನಿಲ್ಲೇ ಕೂತ್ಕತೀನಿ." ಪ್ರಮೀಳಾ ಕೌಂಟರ್ ಬಳಸಿ ಒಳಗೆ ಬಂದು, ಸ್ಟೂಲು ಎಳೆದುಕೊಂಡು, ಅವನ ಪಕ್ಕದಲ್ಲೇ ಕೂತುಬಿಟ್ಟಳು. ಸ್ಟುಡಿಯೋದ ಮಾಲೀಕ ಚಿಕ್ಕಣ್ಣ ಪಿರಿಯಾಪಟ್ಟಣದ ಕಡೆ ಯಾವುದೋ ಗೃಹಪ್ರವೇಶಕ್ಕೆ ಕ್ಯಾಮೆರಾ ಹೊತ್ತು ಹೋಗಿದ್ದ. ಕಾಪಾಡುವವರು ಯಾರೂ ಇರಲಿಲ್ಲ.

ಈಗ ನಟರಾಜುವಿನ ಗುಟ್ಟನ್ನು ಹೇಳಿಬಿಡಬೇಕು. ಅವನಿಗೆ ಕೆಂಪು ಹಸಿರುಗಳ ಭೇದ ತಿಳಿಯುತ್ತಿರಲಿಲ್ಲ. ಮದುವೆ ಫೋಟೋಗಳ ಬಣ್ಣ ತಿದ್ದುವುದೇ ಹೊಟ್ಟೆಪಾಡಾಗಿರುವ ಮನುಷ್ಯನಿಗೆ ದೇವರು ಮಾಡಿದ ತಮಾಷೆ ಇದು.

ಐದು ವರ್ಷದ ಹಿಂದೆ, ಇಪ್ಪತ್ತೊಂದನೇ ವಯಸ್ಸಿನಲ್ಲಿ, ಬಸ್ ಡ್ರೈವರ್ ಕೆಲಸಕ್ಕೆ ಹೋದಾಗ ಡಾಕ್ಟರು ಬಣ್ಣದ ಚುಕ್ಕಿಗಳ ಪುಸ್ತಕ ಬಿಡಿಸಿ, ಇದರಲ್ಲಿ ಯಾವ ನಂಬರ್ ಕಾಣುತ್ತದೆ ಎಂದು ಕೇಳಿದ್ದರು. "ಇದ್ರಲ್ಲಿ ನಂಬರೇ ಇಲ್ವಲ್ಲ ಸಾರ್" ಎಂದು ಇವನು ನಕ್ಕಿದ್ದ. ಡಾಕ್ಟರು ನಗಲಿಲ್ಲ. ಹ್ಯಾಂಡ್‌ಪೋಸ್ಟ್ ಎನ್ನುವ ಊರಿನಲ್ಲಿದ್ದ ಅವನ ತಾಯಿ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡು, "ಯಾರ್ ಮುಂದೂ ಉಸ್ರುಬ್ಯಾಡ ಮಗ. ಕಣ್ಣಲ್ಲಿ ಐಬು ಅಂತ ಗೊತ್ತಾದ್ರೆ ಹೆಣ್ಣು ಕೊಡಾಕಿಲ್ಲ" ಅಂದಿದ್ದಳು. ಅಂದಿನಿಂದ ಅವನು ಯಾರ ಮುಂದೆಯೂ ಯಾವುದರ ಬಣ್ಣವನ್ನೂ ಬಾಯಿಬಿಟ್ಟು ಕೇಳಿದವನಲ್ಲ.

ಚಿಕ್ಕಣ್ಣ ಅವನನ್ನು ಕೆಲಸಕ್ಕೆ ಸೇರಿಸಿಕೊಂಡದ್ದು ಲಗ್ನಪತ್ರಿಕೆ ಟೈಪ್ ಮಾಡಲು. ಆಮೇಲೆ ಡಿಜಿಟಲ್ ಕ್ಯಾಮೆರಾ ಬಂತು, ಜೊತೆಗೆ ಬಣ್ಣದ ಕಾಟವೂ ಬಂತು. ಟ್ಯೂಬ್‌ಲೈಟಿನ ಕೆಳಗೆ ತೆಗೆದರೆ ಫೋಟೋ ಹಸಿರು ಹೊಡೆಯುತ್ತದೆ, ಬಲ್ಬಿನ ಕೆಳಗೆ ಹಳದಿ, ನೀಲಿ ಶಾಮಿಯಾನದ ಕೆಳಗೆ ಕೂತ ಮದುಮಗಳೂ ನೀಲಿ. ಇದನ್ನೆಲ್ಲ ತಿದ್ದು ಎಂದಾಗ ನಟರಾಜು ಒಂದು ದಾರಿ ಕಂಡುಕೊಂಡ. ಫೋಟೋದಲ್ಲಿ ಬೆಳ್ಳಗಿರುವ ವಸ್ತುವಿನ ಮೇಲೆ ಮೌಸ್ ಇಟ್ಟರೆ ಕೆಂಪು, ಹಸಿರು, ನೀಲಿಗೆ ಒಂದೊಂದು ನಂಬರ್ ಕಾಣುತ್ತದೆ. ಮೂರೂ ಸಮ ಇದ್ದರೆ ಅದು ನಿಜವಾದ ಬಿಳಿ. ಒಂದು ಹೆಚ್ಚಾಗಿದ್ದರೆ ಆ ಬಣ್ಣ ಹೊಡೆದಿದೆ ಎಂದು ಅರ್ಥ. ಮೂರನ್ನೂ ಸಮ ಮಾಡಿದರೆ ಮಿಕ್ಕ ಬಣ್ಣಗಳೂ ತಂತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಇನ್ನು ನಮ್ಮ ಕಡೆಯ ಮದುವೆಯಲ್ಲಿ ಬಿಳಿ ಪಂಚೆಗೆ ಬರವೇ? ಎರಡು ವರ್ಷ ಅವನು ಯಜಮಾನರ ಪಂಚೆಗಳನ್ನೇ ನಂಬಿಕೊಂಡು ಬದುಕಿದ. "ನಟರಾಜುನ ಕೈಯಲ್ಲಿ ಕಲರ್ ತಪ್ಪಲ್ಲ" ಎಂದು ಚಿಕ್ಕಣ್ಣ ಊರೆಲ್ಲ ಹೇಳಿಕೊಂಡು ಬರುತ್ತಿದ್ದ.

ಆ ದಿನ ನಟರಾಜು ಹಳೆಯ ಫೈಲು ತೆಗೆದು, ಅಭ್ಯಾಸಬಲದಿಂದ ಮೌಸನ್ನು ಪ್ರಮೀಳಾಳ ಅಪ್ಪ ಕುಳ್ಳಯ್ಯನ ಪಂಚೆಯ ಮೇಲೆ ಒಯ್ದ. ಕೆಂಪಿನ ನಂಬರ್ ಎರಡು ಡಜನ್ ಹೆಚ್ಚಿಗೆ ಇತ್ತು.

"ನೋಡಿ, ಕೆಂಪು ಹೊಡ್ದಿತ್ತು, ಅದಕ್ಕೇ ಕಮ್ಮಿ ಮಾಡಿದ್ದು. ಪಂಚೆ ಬೆಳ್ಳಗಿರ್ಬೇಕಲ್ವಾ?"

"ಯಾರ್ರೀ ಹೇಳಿದ್ದು ಆ ಪಂಚೆ ಬೆಳ್ಳಗದೆ ಅಂತ? ಓಕ್ಳಿ ಬಿದ್ದು ಗುಲಾಬಿ ಬಣ್ಣ ಆಗದೆ. ಕಾಣಲ್ವಾ ನಿಮ್ಗೆ?"

ನಟರಾಜು ಮೌಸನ್ನು ಪಂಚೆಯಿಂದ ಆಚೆಗೆ ಸರಿಸಿದ. ಪಂಚೆಗೂ ಓಕುಳಿ ಬೀಳುತ್ತದೆ ಎನ್ನುವುದು ಅವನ ತಲೆಗೇ ಹೊಳೆದಿರಲಿಲ್ಲ. ಇಲ್ಲದ ದೋಷವನ್ನು ತೆಗೆಯಲು ಹೋಗಿ ಇಡೀ ಓಕುಳಿಯ ಕೆಂಪನ್ನೇ ತೊಳೆದುಬಿಟ್ಟಿದ್ದ.

"ಕಾಣ್ತದೆ, ಕಾಣ್ತದೆ. ಬೇರೆ ಬಿಳೀದೇನಿದೆ ನೋಡಣ..." ಅಂದ.

"ಅಕ್ಕನ ಮುಡೀಲಿ ಮಲ್ಲಿಗೆ ಅದೆಯಲ್ಲ. ಅದ್ರ ಮ್ಯಾಲೆ ನೀರು ಬಿದ್ದಿಲ್ಲ."

ಮಲ್ಲಿಗೆಯ ಮೇಲೆ ಕ್ಲಿಕ್ ಮಾಡಿದ. ಪರದೆ ಒಮ್ಮೆ ಮಿಟುಕಿತು. ಸರಿಯಾಯಿತೋ ಇಲ್ಲವೋ ಅವನಿಗೆ ತಿಳಿಯುವ ಬಗೆಯಿರಲಿಲ್ಲ. ಅವನು ಪರದೆ ಬಿಟ್ಟು ಪಕ್ಕದಲ್ಲಿದ್ದ ಮುಖವನ್ನು ನೋಡಿದ. ಹುಬ್ಬು ಸಡಿಲವಾಯಿತು, ತುಟಿ ಅರಳಿತು, ಕೆನ್ನೆಯಲ್ಲಿ ಸಣ್ಣದೊಂದು ಗುಳಿ ಬಿತ್ತು. ಸರಿಯಾಗಿದೆ! ಅವನಿಗೆ ಹೋದ ಜೀವ ಬಂದಂತಾಯಿತು.

"ಫೋಟೋ ನೋಡೋದ್ ಬುಟ್ಟು ನನ್ನ ಮುಖ ಯಾಕ್ ನೋಡ್ತಿದ್ದೀರಿ?"

"ಕಸ್ಟಮರ್‌ಗೆ ಖುಷಿ ಆಯ್ತಾ ಅಂತ."

"ಆಯ್ತು. ಈಗ ಆ ಕಡೆ ನೋಡ್ಕಳಿ."

ಆ ಕಡೆ ನೋಡುವಷ್ಟರಲ್ಲಿ ಕರೆಂಟು ಹೋಯಿತು, ಯುಪಿಎಸ್ ಕುಂಯ್‌ಗುಟ್ಟಿತು. ಇನ್ನೂ ಮೂವತ್ತೊಂದು ಫೋಟೋ ಬಾಕಿ ಇದ್ದವು. ಒಂದಕ್ಕೆ ಮಾಡಿದ್ದನ್ನೇ ಎಲ್ಲಕ್ಕೂ ಹಚ್ಚಿಬಿಡುವ ಉಪಾಯ ಅವನಿಗೆ ಗೊತ್ತಿತ್ತು, ಹತ್ತು ನಿಮಿಷದ ಕೆಲಸ. ಆದರೂ "ಒಂದೊಂದಾಗಿ ಮಾಡ್ಬೇಕಾಗ್ತದೆ, ನಾಲ್ಕೈದು ಸಲ ಬರ್ಬೇಕಾಗ್ತದೆ" ಅಂದ. ಇದು ಆ ದಿನದ ಮೂರನೆಯ ಸುಳ್ಳು, ಮೊದಲಿನ ಎರಡಕ್ಕಿಂತ ಸಲೀಸಾಗಿ ಬಂತು.

"ನಾಳಿದ್ದು ಬತ್ತೀನಿ," ಅಂದಳು ಪ್ರಮೀಳಾ. ಬೇಸರ ಪಟ್ಟುಕೊಂಡ ಹಾಗೇನೂ ಕಾಣಲಿಲ್ಲ.

ನಾಳಿದ್ದು ಬಂದಳು. ಆಚೆ ವಾರವೂ ಬಂದಳು. ಸಂಕ್ರಾಂತಿಗೆ ಎಳ್ಳುಬೆಲ್ಲ ತಂದುಕೊಟ್ಟು, ಒಳ್ಳೆ ಮಾತಾಡಿ ಅಂದಳು. ನಟರಾಜು ಒಳ್ಳೆ ಮಾತು ಹುಡುಕುತ್ತ ಹುಡುಕುತ್ತ ಎಳ್ಳೆಲ್ಲ ತಿಂದು ಮುಗಿಸಿದ. ಅವಳು ಪಿಯುಸಿ ಮುಗಿಸಿ ಮನೆಯಲ್ಲೇ ಇದ್ದಳು. ಮನೆಯಲ್ಲಿದ್ದಳು ಎಂದರೆ ಸುಮ್ಮನಿದ್ದಳು ಎಂದಲ್ಲ. ಅವರದು ಹೊಗೆಸೊಪ್ಪಿನ ಬೇಸಾಯ. ಬ್ಯಾರನ್ ಎನ್ನುವ ಬಿಸಿಮನೆಯಲ್ಲಿ ಬೇಯಿಸಿ ಒಣಗಿಸಿದ ಎಲೆಯನ್ನು ಬಣ್ಣ ನೋಡಿ ಬೇರೆಬೇರೆ ಗುಡ್ಡೆ ಮಾಡುವ ಕೆಲಸ ಅವಳದು, ಅಜ್ಜಿ ಬೀರಮ್ಮನದು.

"ನಿಂಬೆಹಣ್ಣಿನ ಬಣ್ಣದ್ದು ಒಂದ್ಕಡೆ, ಕಿತ್ಲೆ ಬಣ್ಣದ್ದು ಒಂದ್ಕಡೆ. ಸುತ್ತ ಎಂಟ್ ಹಳ್ಳೀಲಿ ನಮ್ಮಜ್ಜಿಯಂಗೆ ಎಲೆ ನೋಡೋರಿಲ್ಲ. ಅಜ್ಜಿ ಆದ್ಮೇಲೆ ನಾನೇ. ಬಿಸ್ಲಲ್ಲಿ ನೋಡ್ಬೇಕು, ಟ್ಯೂಬ್‌ಲೈಟಲ್ಲಿ ನೋಡ್ದ್ರೆ ಮೋಸ. ನಮ್ಮಪ್ಪನ್ನಂತೂ ಶೆಡ್ಡೊಳಕ್ಕೇ ಬುಡಲ್ಲ."

"ಯಾಕೆ?"

"ಅದೊಂದ್ ಕತೆ. ಇನ್ನೊಂದ್ ದಿನ ಹೇಳ್ತೀನಿ." ಹೀಗೆಂದು ಬ್ಯಾಗಿನಿಂದ ಪೇಪರ್ ಸುತ್ತಿದ ಮೂರು ಎಲೆ ತೆಗೆದು ಮೇಜಿನ ಮೇಲೆ ಹರಡಿದಳು. "ಇದ್ರಲ್ಲಿ ಒಂದು ಹಸಿರು ಉಳ್ಕಂಡಿರೋದು, ಹರಾಜಿಗೆ ಕಟ್ಟೋ ಬೇಲ್‌ಗೆ ಸೇರಿಸ್ಬಾರ್ದು. ಯಾವ್ದು ಹೇಳಿ ನೋಡಣ. ಬಣ್ಣದ ಕೆಲ್ಸ ಮಾಡೋರು ತಾನೆ ನೀವು?"

ನಟರಾಜು ಮೂರನ್ನೂ ತಿರುಗಿಸಿ ನೋಡಿದ. ಮೂರೂ ಒಂದೇ ತಾಯಿಯ ಮಕ್ಕಳ ಹಾಗಿದ್ದವು. ಎಲೆಯ ಮೇಲೆ ಮೌಸ್ ಇಟ್ಟು ನಂಬರ್ ನೋಡುವಂತಿದ್ದರೆ! ದೇವರ ಮೇಲೆ ಭಾರ ಹಾಕಿ ನಡುವಿನದನ್ನು ಮುಟ್ಟಿದ.

ಪ್ರಮೀಳಾ ನಗಲಿಲ್ಲ. ಅವನ ಮುಖವನ್ನು ಒಂದು ಗಳಿಗೆ ನೆಟ್ಟಗೆ ನೋಡಿದಳು. ಆಮೇಲೆ ಎಲೆಗಳನ್ನು ಮೆಲ್ಲಗೆ ಪೇಪರಿನಲ್ಲಿ ಸುತ್ತಿ ಒಳಗಿಟ್ಟು, "ಹೋಗ್ಲಿ ಬುಡಿ. ಮುಂದಿನ್ ಫೋಟೋ ತೆಗೀರಿ" ಅಂದಳು.

ಆ ವಾರವೆಲ್ಲ ನಟರಾಜುವಿಗೆ ಅನ್ನ ರುಚಿಸಲಿಲ್ಲ. ಇನ್ನು ಬರುವುದಿಲ್ಲ ಎಂದುಕೊಂಡ. ಆದರೆ ಗುರುವಾರ ಬಂದ ಪ್ರಮೀಳಾ ಎಂದಿನಂತೆ ಸ್ಟೂಲು ಎಳೆದುಕೊಂಡಳು. ಹೊಸದೆಂದರೆ, ಅವಳ ಮಾತಿನ ವರಸೆ ಬದಲಾಗಿತ್ತು. ಮೊದಲೆಲ್ಲ "ಇನ್ನೊಂಚೂರು ಕೆಂಪಗೆ", "ಅಯ್ಯೋ ಹಸ್ರಾಯ್ತು" ಎನ್ನುತ್ತಿದ್ದವಳು ಈಗ ಕುತ್ತಿಗೆ ಚಾಚಿ ಪರದೆಯ ಮೂಲೆಯ ನಂಬರುಗಳನ್ನು ನೋಡಿ, "ಮೊದ್ಲನೇದು ಹನ್ನೆರಡು ಕಮ್ಮಿ ಅದೆ, ಎತ್ರಿ. ಸಾಕು. ನಡುವಿಂದು ಎರಡು ಇಳ್ಸಿ" ಎನ್ನತೊಡಗಿದಳು. ಜಾಣೆ, ಬೇಗ ಕಲಿತುಬಿಟ್ಟಳು ಎಂದು ನಟರಾಜು ಮೆಚ್ಚಿಕೊಂಡ. ಅದಕ್ಕಿಂತ ಮುಂದಕ್ಕೆ ಅವನ ಬುದ್ಧಿ ಓಡಲಿಲ್ಲ. ಪ್ರೀತಿಯಲ್ಲಿ ಬಿದ್ದ ಗಂಡಸರ ಬುದ್ಧಿ ಓಡುವುದೇ ಅಷ್ಟು ದೂರ.

ಒಂದು ದಿನ ಮೌಸಿನ ಮೇಲಿದ್ದ ಅವನ ಕೈಯನ್ನು ಅವಳ ಕೈ ತಾಗಿತು. ಇಬ್ಬರೂ ತೆಗೆಯಲಿಲ್ಲ. ಪರದೆಯ ಮೇಲೆ ಅವಳ ಅಕ್ಕ ಭಾವನ ತಲೆಗೆ ತಂಬಿಗೆ ನೀರು ಸುರಿಯುತ್ತಲೇ ಇದ್ದಳು.

"ಇದೇ ಕೊನೇ ಫೋಟೋ," ಅಂದ ನಟರಾಜು.

"ಗೊತ್ತು."

"ಇನ್ನು ನೀವು ಬರಲ್ಲ."

"ನಾನ್ ಬರಲ್ಲ," ಅಂದಳು ಪ್ರಮೀಳಾ. ಬ್ಯಾಗು ಹೆಗಲಿಗೇರಿಸಿ, ಬಾಗಿಲಲ್ಲಿ ನಿಂತು ತಿರುಗಿ, "ನಮ್ಮಪ್ಪ ಬತ್ತಾರೆ" ಎಂದು ಹೇಳಿ, ಕೆನ್ನೆಯ ಗುಳಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡಿದಳು.

ಕುಳ್ಳಯ್ಯ ಬಂದದ್ದು ನಾಲ್ಕು ದಿನದ ಮೇಲೆ, ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆಸುವ ನೆಪದಲ್ಲಿ. ಸ್ಟೂಲಿನ ಮೇಲೆ ಕೂತು, ಕ್ಯಾಮೆರಾ ನೋಡುವ ಬದಲು ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಫೋಟೋ ಮುಗಿದ ಮೇಲೆ ಹೆಗಲ ಟವೆಲ್ಲು ಕೊಡವಿ ಮಾತಿಗೆ ಬಂದ.

"ನಿಮ್ ಕಡೆಯೋರೆಲ್ಲ ನಮ್ಗೆ ಗೊತ್ತಿರೋರೇ ಕಣಪ್ಪ. ವಿಚಾರ್ಸಿದೀನಿ. ಮಗಳೂ ಒಪ್ಪವಳೆ. ಆದ್ರೂ ಬಾಯ್ಬುಟ್ಟು ಕೇಳೋದು ನನ್ ಧರ್ಮ. ಕುಡಿತ ಗಿಡಿತ?"

"ಇಲ್ಲ ಯಜಮಾನ್ರೆ."

"ಜೂಜು?"

"ಇಲ್ಲ."

"ಮೈಯಲ್ಲಿ ಕಾಯ್ಲೆ, ಐಬು, ಅಂಥದ್ದೇನಾರ ಉಂಟಾ?"

ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ನಟರಾಜುವಿಗೆ ನೆನಪಾಯಿತು. ಗುಳಿ ಬಿದ್ದ ಕೆನ್ನೆ ನೆನಪಾಯಿತು. ನಾಲಿಗೆ ಅವನನ್ನು ಕೇಳದೆಯೇ ಹೊರಳಿತು.

"ಇಲ್ಲ."

"ಹಂಗಾರೆ ಬರೋ ಸೋಮವಾರ ನಿಮ್ಮವ್ವನ್ನ ಕರ್ಕಬಾ," ಎಂದು ಕುಳ್ಳಯ್ಯ ಅವನ ಬೆನ್ನು ತಟ್ಟಿ ಹೋದ.

ಬೆನ್ನು ತಟ್ಟಿದ ಜಾಗ ಮೂರು ದಿನ ಉರಿಯಿತು. ಸುಳ್ಳು ಹೇಳುವುದು ಅವನಿಗೆ ಹೊಸದಲ್ಲ, ಐದು ವರ್ಷದಿಂದ ದಿನಾ ಹೇಳುತ್ತಲೇ ಬಂದಿದ್ದ. ಆದರೆ ಆ ಸುಳ್ಳುಗಳೆಲ್ಲ ಅವನೊಬ್ಬನವು. ಈ ಸುಳ್ಳಿನ ಒಳಗೆ ಪ್ರಮೀಳಾಳನ್ನು ಕರೆತಂದು ಕೂರಿಸಬೇಕಿತ್ತು. ನಾಳೆ ಅವಳು ಹೊಸ ಸೀರೆ ಉಟ್ಟು ಹೇಗಿದೆ ಎಂದು ಕೇಳಿದಾಗ ಸುಳ್ಳು, ಮಾಗಿದ ಹಣ್ಣು ಆರಿಸುವಾಗ ಸುಳ್ಳು. ಬದುಕಿಡೀ ಅವಳ ಮುಖ ನೋಡಿ ಬಣ್ಣ ಊಹಿಸಿಕೊಂಡು ಅವನು ಇರಬಲ್ಲ. ಅವಳಿಗೆ ಮಾತ್ರ ತಾನು ಎಂಥವನ ಜೊತೆ ಇದ್ದೇನೆ ಎಂದು ಗೊತ್ತಿರುವುದಿಲ್ಲ.

ಭಾನುವಾರ ಬೆಳಿಗ್ಗೆ, ತಾಯಿಗೂ ಹೇಳದೆ, ಹನಗೋಡಿನ ಬಸ್ಸು ಹತ್ತಿದ.

ಮನೆಯ ಹಿಂದಿನ ಶೆಡ್ಡಿನಲ್ಲಿ ಎಲೆ ಗುಡ್ಡೆಗಳ ನಡುವೆ ಬೀರಮ್ಮ, ಪ್ರಮೀಳಾ ಕೂತಿದ್ದರು. ಬಾಗಿಲಿನಿಂದ ಬಿಸಿಲು ಪ್ರಮೀಳಾಳ ಮಡಿಲ ಮೇಲೆ ಬಿದ್ದಿತ್ತು. ಕುಳ್ಳಯ್ಯ ಹೊಸ್ತಿಲಾಚೆ, ಒಂದು ಕಲ್ಲಿನ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ.

"ಏನಪ್ಪಾ, ಸೋಮವಾರ ಅಂದ್ರೆ ಭಾನುವಾರಾನೇ ಬಂದ್ಬುಟ್ಟೆ?"

ನಟರಾಜು ನಿಂತಲ್ಲೇ ನಿಂತು, ಕೇಳಿದವರನ್ನು ಬಿಟ್ಟು ಪ್ರಮೀಳಾಳನ್ನು ನೋಡಿ, ಒಂದೇ ಉಸಿರಿಗೆ ಹೇಳಿದ.

"ಯಜಮಾನ್ರೆ, ಅವತ್ತು ನೀವು ಐಬು ಇದೆಯಾ ಅಂದಾಗ ಇಲ್ಲ ಅಂದೆ. ಸುಳ್ಳು. ನಂಗೆ ಕೆಂಪು ಹಸಿರು ಗೊತ್ತಾಗಲ್ಲ. ಹುಟ್ಟಿದಾಗಿಂದ. ಫೋಟೋ ಎಲ್ಲ ನಂಬರ್ ನೋಡಿ ಮಾಡೋದು. ಓಕ್ಳಿ ಫೋಟೋ ಕೆಡಿಸಿದ್ದು ಲ್ಯಾಬ್‌ನೋರಲ್ಲ, ನಾನೇ. ಪಂಚೆ ಗುಲಾಬಿ ಆಗಿರೋದು ನಂಗೆ ಕಾಣ್ಲಿಲ್ಲ. ಮುಚ್ಚಿಟ್ಟು ಮದ್ವೆ ಆಗಕ್ಕೆ ಮನಸ್ಸು ಬರ್ಲಿಲ್ಲ. ಇನ್ನು ನಿಮ್ಮಿಷ್ಟ."

ಹಗ್ಗ ಹೊಸೆಯುವ ಕೈ ನಿಂತಿತು. ಎಲೆ ಸರಿಸುವ ಸದ್ದು ನಿಂತಿತು.

ಮೊದಲು ಮಾತಾಡಿದ್ದು ಬೀರಮ್ಮ. ತಲೆ ಎತ್ತದೆಯೇ, ಮಗ ಕುಳ್ಳಯ್ಯನಿಗೆ ಅಂದಳು: "ಲೇ ಕುಳ್ಳ, ನಿಂಗೊಬ್ಬ ಜೊತೆಗಾರ ಸಿಕ್ದ ನೋಡು. ಇಬ್ರೂ ಆಚೆಗೇ ಇರಿ. ನನ್ ಎಲೆ ಮುಟ್ಟೀರಿ ಜೋಕೆ."

ಕುಳ್ಳಯ್ಯನ ಮೀಸೆ ಅದುರಿತು. ಆಮೇಲೆ ಭುಜ ಅದುರಿತು. ಆಮೇಲೆ ಇಡೀ ಮನುಷ್ಯನೇ ಕಲ್ಲಿನ ಮೇಲೆ ಅಲುಗಾಡುತ್ತ ನಕ್ಕ.

"ನಂಗೂ ಅದೇಯ ಕಣಪ್ಪ! ಒಂದ್ಸಲ ಹಸಿರು ಎಲೇನ ಒಳ್ಳೆ ಎಲೆ ಅಂತ ಬೇಲ್‌ಗೆ ತುಂಬ್ಕಂಡು ಹರಾಜಿಗೆ ಒಯ್ದು, ಬಂದೋರ ಮುಂದೆಲ್ಲ ನಗೆಪಾಟ್ಲಾಯ್ತು. ಅವತ್ತಿಂದ ನಮ್ಮವ್ವ ಒಳಕ್ಕೆ ಸೇರ್ಸಲ್ಲ. ಅಲ್ಲಾ, ಆ ಆಲ್ಬಮ್ಮು ಚೆನ್ನಾಗೇ ಇತ್ತು ಅಂತ ನಾನ್ ಹೇಳ್ದ್ರೆ ಇವ್ರು ಯಾರೂ ಕೇಳ್ಲಿಲ್ಲ!"

ನಟರಾಜುವಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕುಳ್ಳಯ್ಯನ ಪಕ್ಕದ ಕಲ್ಲಿನ ಮೇಲೆ ಕೂತ. ಐದು ವರ್ಷದಿಂದ ಹೊತ್ತಿದ್ದ ಮೂಟೆಯನ್ನು ಯಾರೋ ಹಿಂದಿನಿಂದ ಬಂದು ಇಳಿಸಿಕೊಂಡ ಹಾಗಾಗಿತ್ತು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ನಾಚಿಕೆಯೂ ಆಗಲಿಲ್ಲ.

ಬಸ್ಸಿಗೆ ಬಿಟ್ಟುಬರುತ್ತೇನೆಂದು ಪ್ರಮೀಳಾ ಜೊತೆಗೆ ಹೊರಟಳು. ಇಬ್ಬರೂ ಊರು ದಾಟಿದರು.

"ನಿಮ್ಗೆ ಗೊತ್ತಿತ್ತಾ?" ಎಂದು ಅವನೇ ಕೇಳಿದ.

"ಮೊದಲನೇ ದಿನಾನೇ ಅನುಮಾನ ಬಂತು. ನೀವು ಫೋಟೋ ನೋಡೋದು ಬುಟ್ಟು ನನ್ ಮುಖ ನೋಡಿದ್ರಲ್ಲ, ನಮ್ಮಪ್ಪ ಟೊಮೇಟೊ ಆರ್ಸುವಾಗ ನಮ್ಮವ್ವನ ಮುಖ ಹಂಗೇ ನೋಡ್ತಾರೆ. ಎಲೆ ತಂದು ತೋರ್ಸಿದ್ದು ಅದಕ್ಕೇಯ."

"ಮತ್ತೆ ಯಾಕೆ ಕೇಳ್ಲಿಲ್ಲ?"

"ನೀವಾಗೇ ಹೇಳ್ಬೇಕಿತ್ತು." ಪ್ರಮೀಳಾ ನಿಂತಳು. ಈಗ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. "ನಮ್ಮಪ್ಪ ಮದ್ವೆಯಾಗಿ ಏಳು ವರ್ಷ ಅವ್ವನಿಗೆ ಹೇಳಿರ್ಲಿಲ್ವಂತೆ. ಹರಾಜಲ್ಲಿ ನಗೆಪಾಟ್ಲಾದ್ಮೇಲೇ ಅವ್ವನಿಗೆ ಗೊತ್ತಾಗಿದ್ದು. ಬಣ್ಣ ಕಾಣ್ದಿದ್ದಕ್ಕೆ ಅವ್ವ ಯಾವತ್ತೂ ಬೇಜಾರ್ ಮಾಡ್ಕಳ್ಳಿಲ್ಲ. ನನ್ನ ನಂಬ್ಲಿಲ್ವಲ್ಲ ಅಂತ ಇವತ್ತೂ ಅಂತಾಳೆ. ನಾಳೆ ನಿಮ್ಮವ್ವನ್ನ ಕರ್ಕಂಡ್ ಬಂದು, ಆಗ್ಲೂ ನೀವು ಬಾಯ್ ಬುಡ್ದಿದ್ರೆ, ಒಲ್ಲೆ ಅಂತಿದ್ದೆ. ರಾತ್ರಿಯೆಲ್ಲ ನಿದ್ದೆ ಇಲ್ಲ ನಂಗೆ. ಇವತ್ತು ಬಾಗ್ಲಲ್ಲಿ ನಿಮ್ಮನ್ನ ನೋಡ್ದಾಗ ಎಷ್ಟು ಹಗುರ ಆಯ್ತು ಗೊತ್ತಾ?"

ನಟರಾಜುವಿಗೆ ಆಗ ಹೊಳೆಯಿತು. "ಅದಕ್ಕೇ ನಂಬರ್ ಹೇಳಕ್ಕೆ ಶುರು ಮಾಡಿದ್ದಾ?"

"ಹೂಂ. ಕೆಂಪು ಹಸಿರು ಅಂದ್ರೆ ನಿಮ್ಗೆ ಕಷ್ಟ ಆಯ್ತಿತ್ತಲ್ಲ. ನಿಮ್ ಭಾಷೆ ಕಲ್ತ್ಕಂಡೆ."

ಅವನು ಅವಳ ಕೈ ಹಿಡಿದುಕೊಂಡ. ಈ ಸಲ ನಡುವೆ ಮೌಸ್ ಇರಲಿಲ್ಲ. ನಾಳೆ ಚಿಕ್ಕಣ್ಣನಿಗೂ ಹೇಳಬೇಕು ಅಂದುಕೊಂಡ. ಬೈದರೆ ಬೈಯಲಿ, ಪಕ್ಕದಲ್ಲಿ ಒಂದು ಸ್ಟೂಲು ಖಾಯಂ ಹಾಕಿಸಿಕೊಂಡರಾಯಿತು. ಯೋಚಿಸಿ ನೋಡಿದರೆ ಹೆದರಿಕೆಯೇ ಆಗಲಿಲ್ಲ, ಅದೇ ಅವನಿಗೆ ಆಶ್ಚರ್ಯವಾಗಿತ್ತು.

ಬಸ್ ನಿಲ್ಲುವ ಜಾಗದಲ್ಲಿ ಮುತ್ತುಗದ ಮರವೊಂದು ಎಲೆಯೆಲ್ಲ ಉದುರಿಸಿ ಹೂ ಬಿಟ್ಟು ನಿಂತಿತ್ತು. ದೂರದಲ್ಲಿ ಬಸ್ಸಿನ ಧೂಳು ಕಾಣಿಸಿತು. ನಟರಾಜು ಅವಳ ಸೀರೆಯ ಸೆರಗನ್ನು ಎರಡು ಬೆರಳಲ್ಲಿ ಹಿಡಿದು, ಐದು ವರ್ಷದಲ್ಲಿ ಯಾರನ್ನೂ ಕೇಳದ ಮಾತನ್ನು ಕೇಳಿದ.

"ಇದು ಯಾವ ಬಣ್ಣ?"

"ಹಸಿರು. ಗಿಳಿ ಹಸಿರು."

"ಮರದ ಮೇಲಿನ ಹೂವು?"

"ಕೆಂಪು. ನೋಡಿದ್ರೆ ಬೆಂಕಿ ಹತ್ತದೆ ಅನ್ನಂಗದೆ."

"ಬಳೆ?"

"ಅವೂ ಹಸ್ರೇ. ಬಸ್ಸು ಬಂತು, ಹತ್ತಿ."

ಬಸ್ಸು ಬಂದು ನಿಂತಿತು. ಕಂಡಕ್ಟರ್ ಕೂಗಿದ, ಸೀಟಿ ಊದಿದ, ಬೈದುಕೊಂಡು ಹೊರಟೂ ಹೋದ. ನಟರಾಜು ಹತ್ತಲಿಲ್ಲ. ಧೂಳಿನ ನಡುವೆ ಅವಳ ಮುಖಕ್ಕೆ ಬಗ್ಗಿ, ಇನ್ನೊಂದು ಕೇಳುವುದಿತ್ತು ಅಂದ.

"ಕೇಳಿ."

"ನಿಮ್ ಕೆನ್ನೆ ಈಗ ಯಾವ ಬಣ್ಣ?"

ಪ್ರಮೀಳಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಅದನ್ನ ನಾನು ಹೇಳಾಕಿಲ್ಲ," ಅಂದಳು ಒಳಗಿನಿಂದಲೇ. "ಅದು ನಿಮ್ಗೇ ಗೊತ್ತದೆ."